ನಾಲ್ಕು ಊರು, ನಾಲ್ಕು ಚೌಕ: ಹವಾಮಾನ ನಕ್ಷೆ ಓದೋದು ಹೇಗೆ?

"ಇಂಡ್ಯಾಗ ಮಳಿ ಭಾಳ ಆಗೈತಿ, ಸಿಂದಗ್ಯಾಗ ಒಂದ್ ಹನೀನೂ ಇಲ್ಲ." ವಿಜಯಪುರ ಜಿಲ್ಲೆಯ ಗೆಳೆಯರಿದ್ದರೆ ಈ ಥರದ ಮಾತು ನೀವೂ ಕೇಳಿರ್ತೀರಿ. ಆದರೆ ಅದೇ ದಿನ ಫೋನ್‌ನಲ್ಲಿ ಹವಾಮಾನ ನಕ್ಷೆ ತೆಗೆದರೆ ಎರಡೂ ಊರಿನ ಮೇಲೆ ಒಂದೇ ತಿಳಿನೀಲಿ ಬಣ್ಣ ಇರಬಹುದು. ಹಾಗಾದ್ರೆ ನಕ್ಷೆ ಸುಳ್ಳಾ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಬಣ್ಣದ ಹಿಂದಿನ ಲೆಕ್ಕ

ಹವಾಮಾನ ಮಾಡೆಲ್‌ನ ಒಳಗಿರೋದು ನಾವು ಫ್ಲೂಯಿಡ್ ಮೆಕ್ಯಾನಿಕ್ಸ್, ಥರ್ಮೋಡೈನಾಮಿಕ್ಸ್‌ನಲ್ಲಿ ಓದುವ ಸಮೀಕರಣಗಳೇ. ದ್ರವ್ಯರಾಶಿ, ಸಂವೇಗ, ಶಕ್ತಿ ಇವುಗಳ ಸಂರಕ್ಷಣೆ, ಜೊತೆಗೆ ಅನಿಲ ನಿಯಮ ಮತ್ತು ನೀರಾವಿಯ ಲೆಕ್ಕ. ಇವನ್ನು ಸೂತ್ರ ಹಾಕಿ ನೇರವಾಗಿ ಬಿಡಿಸೋಕಾಗಲ್ಲ. ಹಾಗಾಗಿ ಇಡೀ ಭೂಮಿಯ ವಾತಾವರಣವನ್ನು ಚೌಕಗಳಾಗಿ ಕತ್ತರಿಸಿ, ಕೆಲವೇ ನಿಮಿಷಗಳ ಹೆಜ್ಜೆ ಇಡುತ್ತಾ ಮುಂದೆ ಹೋಗಬೇಕು. ಬ್ರಿಟನ್ನಿನ ಎಲ್. ಎಫ್. ರಿಚರ್ಡ್‌ಸನ್ ಇದನ್ನು ಕೈಯಲ್ಲೇ ಲೆಕ್ಕ ಹಾಕಿ 1922ರಲ್ಲಿ ಪುಸ್ತಕ ಪ್ರಕಟಿಸಿದರು. ಅವರ 6 ಗಂಟೆಯ ಮುನ್ಸೂಚನೆ ಪೂರ್ತಿ ತಪ್ಪಿತು, ಆದರೆ ದಾರಿ ಸರಿಯಿತ್ತು. 1950ರಲ್ಲಿ ಎನಿಯಾಕ್ ಕಂಪ್ಯೂಟರ್ ಮೇಲೆ ಈ ರೀತಿಯ ಮೊದಲ ಮುನ್ಸೂಚನೆ ಬಂತು.

ಇವತ್ತು ಅಮೆರಿಕದ ಜಿಎಫ್‌ಎಸ್ ಮಾಡೆಲ್ ದಿನಕ್ಕೆ 4 ಸಲ ಓಡುತ್ತೆ. ನಮ್ಮ ಸಮಯದಲ್ಲಿ ಹೇಳೋದಾದ್ರೆ ಬೆಳಿಗ್ಗೆ 5:30, 11:30, ಸಂಜೆ 5:30, ರಾತ್ರಿ 11:30. ಉಪಗ್ರಹ, ಬಲೂನು, ವಿಮಾನ, ಹಡಗುಗಳ ಮಾಹಿತಿ ಸೇರಿಸಿ ಆ ಹೊತ್ತಿನ ವಾತಾವರಣವನ್ನು ಮೊದಲು ಕಟ್ಟಬೇಕು, ಆಮೇಲೆ ಲೆಕ್ಕ. ಇದಕ್ಕೆ ಕೆಲವು ಗಂಟೆ ಹಿಡಿಯುತ್ತೆ. ಬೆಳಿಗ್ಗೆ 8ಕ್ಕೆ ನೀವು ನೋಡುವ ಜಿಎಫ್‌ಎಸ್ ನಕ್ಷೆ ಸಾಮಾನ್ಯವಾಗಿ ಹಿಂದಿನ ರಾತ್ರಿ 11:30ರದ್ದು.

ಚೌಕದಲ್ಲಿ ನಮ್ಮ ಊರು

ಉಚಿತವಾಗಿ ಸಿಗುವ ಜಿಎಫ್‌ಎಸ್ ಡೇಟಾದಲ್ಲಿ ಒಂದು ಚೌಕ 0.25 ಡಿಗ್ರಿ. ವಿಜಯಪುರದ ಅಕ್ಷಾಂಶದಲ್ಲಿ ಇದು ಉತ್ತರ–ದಕ್ಷಿಣ ಸುಮಾರು 28 ಕಿ.ಮೀ., ಪೂರ್ವ–ಪಶ್ಚಿಮ ಸುಮಾರು 27 ಕಿ.ಮೀ. ಗುಣಿಸಿದರೆ 750 ಚದರ ಕಿ.ಮೀ. ಜಿಲ್ಲೆಯ ವಿಸ್ತೀರ್ಣ ಸುಮಾರು 10,500 ಚದರ ಕಿ.ಮೀ. ಅಂದ್ರೆ ಇಡೀ ಜಿಲ್ಲೆಗೆ ಬರೀ 14 ಚೌಕ! ನಮ್ಮ ನಾಲ್ಕು ಊರುಗಳಿಗೂ ಬೇರೆ ಬೇರೆ ಚೌಕ ಸಿಗುತ್ತೆ. ಇಂಡಿಗೆ ಹತ್ತಿರದ ಅಕ್ಷಾಂಶ ರೇಖೆ 17.25, ಸಿಂದಗಿಗೆ 17.00, ಬಸವನ ಬಾಗೇವಾಡಿಗೆ 16.50, ಮುದ್ದೇಬಿಹಾಳಕ್ಕೆ 16.25. ಆದರೆ ಒಂದು ಚೌಕದೊಳಗಿನ ಎಲ್ಲ ಹಳ್ಳಿಗಳಿಗೂ ಒಂದೇ ಅಂಕಿ, ಅದೂ ಸರಾಸರಿ.

ಒಂದು ಲೆಕ್ಕ ಮಾಡೋಣ. ಚೌಕದ ಹತ್ತನೇ ಒಂದು ಭಾಗದಲ್ಲಿ 75 ಮಿ.ಮೀ. ಮಳೆ ಸುರಿದು, ಉಳಿದ ಕಡೆ ಏನೂ ಬೀಳಲಿಲ್ಲ ಅಂದುಕೊಳ್ಳಿ. ಸರಾಸರಿ 7.5 ಮಿ.ಮೀ. ನಕ್ಷೆಯಲ್ಲಿ ತಿಳಿನೀಲಿ. ಲೆಕ್ಕ ಸರಿಯಾಗೇ ಇದೆ, ಆದರೆ ಆ 7.5 ಮಿ.ಮೀ. ಯಾವ ಹಳ್ಳಿಯಲ್ಲೂ ಬಿದ್ದಿಲ್ಲ.

ಚೌಕ ಸಣ್ಣ ಮಾಡಿದ್ರೆ ಆಯ್ತಲ್ವಾ? ಆ ಕೆಲಸ ನಡೀತಾ ಇದೆ. ಯುರೋಪಿನ ಇಸಿಎಂಡಬ್ಲ್ಯೂಎಫ್ ಮಾಡೆಲ್‌ನ ಚೌಕ ಸುಮಾರು 9 ಕಿ.ಮೀ. ಪುಣೆಯ ಐಐಟಿಎಂ ಕಟ್ಟಿದ, 2025ರ ಮೇ ತಿಂಗಳಲ್ಲಿ ಬಿಡುಗಡೆಯಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನದು 6 ಕಿ.ಮೀ. ಇದರಲ್ಲಿ ನಮ್ಮ ಜಿಲ್ಲೆಗೆ 290ರಷ್ಟು ಚೌಕ ಬರುತ್ತೆ. ಆದರೆ ಬೆಲೆ ಜಾಸ್ತಿ. ಚೌಕದ ಅಳತೆ ಅರ್ಧ ಮಾಡಿದರೆ ಚೌಕಗಳು 4 ಪಟ್ಟು ಆಗುತ್ತವೆ, ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಒಟ್ಟು 8 ಪಟ್ಟು ಲೆಕ್ಕ.

ಎರಡು ಥರದ ಮಳೆ

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಹತ್ತಿರ ದಡ ದಾಟಿ, ತೆಲಂಗಾಣ ಮತ್ತು ಉತ್ತರ ಕರ್ನಾಟಕದ ಮೇಲಿಂದ ಪಶ್ಚಿಮಕ್ಕೆ ಸಾಗಿತು. ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಭಾಗದ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಇಂಥ ವ್ಯವಸ್ಥೆ ನೂರಾರು ಕಿ.ಮೀ. ಅಗಲ ಇರುತ್ತೆ, ಹಲವು ದಿನ ಬದುಕುತ್ತೆ. ಇದರ ದಾರಿಯನ್ನು ಮಾಡೆಲ್ ಕೆಲವು ದಿನ ಮೊದಲೇ ಹಿಡಿಯಬಲ್ಲದು.

ಏಪ್ರಿಲ್‌ನ ಅಕಾಲಿಕ ಮಳೆ ಬೇರೆ ಥರ. ಮಧ್ಯಾಹ್ನದ ಬಿಸಿಲಿಗೆ ಏಳುವ ಗುಡುಗಿನ ಮೋಡ 5–10 ಕಿ.ಮೀ. ಅಗಲ, ಆಯುಷ್ಯ ಒಂದು ಗಂಟೆ ಆಸುಪಾಸು. ಇಡೀ ಮೋಡವೇ ಒಂದೆರಡು ಚೌಕದೊಳಗೆ ಅಡಗಿಬಿಡುತ್ತೆ. ಅದನ್ನು ಮಾಡೆಲ್ ನೇರವಾಗಿ ಕಾಣಲಾರದು, ಅಂದಾಜಿನ ಸೂತ್ರ ಬಳಸುತ್ತೆ. ಇದಕ್ಕೆ ಪ್ಯಾರಾಮೀಟರೈಸೇಷನ್ ಅಂತಾರೆ. ಆದರೆ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಶೆಡ್ಡುಗಳಲ್ಲಿ ಒಣದ್ರಾಕ್ಷಿ ಮಾಡೋದು ಬೇಸಿಗೆಯ ಇದೇ ದಿನಗಳಲ್ಲಿ. ಅರ್ಧ ಗಂಟೆ ಮಳೆ ಬಿದ್ದು ಕಾಯಿ ನೆನೆದರೆ ಬಣ್ಣ ಕೆಡುತ್ತೆ, ರೇಟು ಬೀಳುತ್ತೆ. ಮುನ್ಸೂಚನೆ ತುಂಬಾ ಬೇಕಾದ ಹೊತ್ತಲ್ಲೇ ಅದು ತೀರಾ ದುರ್ಬಲ.

ಹಾಗಾದ್ರೆ ಓದೋದು ಹೇಗೆ?

1. ನಕ್ಷೆಯ ಮೂಲೆಯಲ್ಲಿರುವ ಎರಡು ಸಮಯ ನೋಡಿ: ಮಾಡೆಲ್ ಯಾವಾಗಿನ ಸ್ಥಿತಿಯಿಂದ ಓಡಿತು, ಮುನ್ಸೂಚನೆ ಯಾವ ಹೊತ್ತಿನದು. ಅಂತರ ಹೆಚ್ಚಾದಷ್ಟೂ ನಂಬಿಕೆ ಕಡಿಮೆ ಇರಲಿ.

2. ಶೇಕಡಾ ಅಂದ್ರೆ ಏನು ಗೊತ್ತಿರಲಿ. ಇಸಿಎಂಡಬ್ಲ್ಯೂಎಫ್ ಆರಂಭದ ಸ್ಥಿತಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ 51 ಲೆಕ್ಕ ಓಡಿಸುತ್ತೆ. ಅದರಲ್ಲಿ 20 ಲೆಕ್ಕಗಳಲ್ಲಿ ಮಳೆ ಬಂದರೆ ಸುಮಾರು 40%.

3. ಎರಡು ಮಾಡೆಲ್ ಹೋಲಿಸಿ. ಎರಡೂ ಒಂದೇ ಹೇಳಿದ್ರೆ ಸ್ವಲ್ಪ ಧೈರ್ಯ, ಬೇರೆ ಬೇರೆ ಹೇಳಿದ್ರೆ ಎಚ್ಚರ.

4. ಮುಂದಿನ 3 ಗಂಟೆಯ ಮಳೆಗೆ ಜಾಗತಿಕ ನಕ್ಷೆ ಬಿಟ್ಟು ಉಪಗ್ರಹ ಚಿತ್ರ, ರೇಡಾರ್, ಹವಾಮಾನ ಇಲಾಖೆಯ ನೌಕಾಸ್ಟ್ ನೋಡಿ. ಸಿಡಿಲಿಗೆ ಐಐಟಿಎಂನ ದಾಮಿನಿ ಆ್ಯಪ್ ಇದೆ.

ನೀವೇ ಮಾಡಿ ನೋಡಿ

ನಾಲ್ಕು ಊರಿಗೂ ಒಂದು ತಿಂಗಳು ದಿನಾ ಮುನ್ಸೂಚನೆ ಬರೆದಿಡಿ. ನಿಜವಾಗಿ ಬಿದ್ದ ಮಳೆಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳ ಅಂಕಿಯಿಂದ ತೆಗೆದುಕೊಳ್ಳಿ. ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವು ಇವೆ. ಆಮೇಲೆ ಎಣಿಸಿ: ಹೇಳಿದ್ದು ಬಂದ ದಿನ, ಹೇಳದೆ ಬಂದ ದಿನ, ಹೇಳಿಯೂ ಬಾರದ ದಿನ. ಮೊದಲನೆಯದನ್ನು ಮೊದಲ ಎರಡರ ಮೊತ್ತದಿಂದ ಭಾಗಿಸಿದರೆ, ಬಂದ ಮಳೆಯಲ್ಲಿ ಎಷ್ಟನ್ನು ಮಾಡೆಲ್ ಮೊದಲೇ ಹೇಳಿತ್ತು ಅನ್ನೋದು ಗೊತ್ತಾಗುತ್ತೆ. ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಕೆಲಸ. ಸೆಪ್ಟೆಂಬರ್‌ನಲ್ಲೊಮ್ಮೆ, ಏಪ್ರಿಲ್‌ನಲ್ಲೊಮ್ಮೆ ಮಾಡಿ ಎರಡೂ ಅಂಕಿ ಪಕ್ಕಪಕ್ಕ ಇಡಿ. ಆ ಊರುಗಳ ಗೆಳೆಯರಿಗೂ ತೋರಿಸಿ. ನಕ್ಷೆಯನ್ನು ಯಾವ ತಿಂಗಳು ಎಷ್ಟು ನಂಬಬಹುದು ಅನ್ನೋದು ಅವರ ಮನೆಯವರಿಗೆ ನಮಗಿಂತ ಹೆಚ್ಚು ಬೇಕಾದ ಮಾಹಿತಿ.