ಫಂಡ್‌ಗೆ ಲಾಭ, ಅಪ್ಪನಿಗೆ ನಷ್ಟ: ಎರಡೂ ಹೇಗೆ ನಿಜ?

ಕಳೆದ ರಜೆಗೆ ಊರಿಗೆ ಹೋದಾಗ ಅಪ್ಪ ಮೊಬೈಲ್ ನನ್ನ ಮುಂದಿಟ್ಟು ಕೇಳಿದ್ರು: "ಈ ಫಂಡು ಎರಡು ವರ್ಷದಲ್ಲಿ 20% ಲಾಭ ಕೊಟ್ಟಿದೆ ಅಂತ ತೋರಿಸ್ತಿದೆ. ನನ್ನ ದುಡ್ಡಲ್ಲಿ 15,000 ಹೋಗಿದೆ. ಯಾವುದೋ ನಿಜ?" ಫಂಡ್ ಚೆನ್ನಾಗಿದೆ, ಇನ್ನೂ ಹಾಕಿ ಅಂತ ಹೇಳಿದ್ದೇ ನಾನು. ಹಾಗಾಗಿ ಉತ್ತರ ಹುಡುಕೋ ಜವಾಬ್ದಾರಿನೂ ನಂದೇ ಆಯ್ತು.

ಎರಡೂ ನಿಜ. ಲೆಕ್ಕ ನೋಡೋಣ (ಸುಲಭ ಆಗಲಿ ಅಂತ ಅಂಕಿಗಳನ್ನು ರೌಂಡ್ ಮಾಡಿದ್ದೇನೆ).

ಮೊದಲ ವರ್ಷದ ಶುರುವಿನಲ್ಲಿ ಅಪ್ಪ ಹಾಕಿದ್ದು 10,000 ರೂಪಾಯಿ. ಫಂಡ್ 50% ಏರಿತು, 15,000 ಆಯಿತು. ಎರಡನೇ ವರ್ಷದ ಶುರುವಿನಲ್ಲಿ ಇನ್ನೂ 85,000 ಹಾಕಿದರು, ಒಟ್ಟು 1,00,000. ಆಮೇಲೆ ಫಂಡ್ 20% ಇಳಿಯಿತು, ಉಳಿದದ್ದು 80,000.

ಫಂಡಿನ ಲೆಕ್ಕ: 1.5 × 0.8 = 1.2. ಅಂದ್ರೆ ಎರಡು ವರ್ಷಕ್ಕೆ 20%, ವರ್ಷಕ್ಕೆ ಸುಮಾರು 9.5%. ಇದು ಟೈಮ್-ವೆಯ್ಟೆಡ್ ರಿಟರ್ನ್. ಯಾವಾಗ ಎಷ್ಟು ದುಡ್ಡು ಬಂತು ಅನ್ನೋದನ್ನ ಇದು ನೋಡೋದೇ ಇಲ್ಲ. ಫಂಡ್ ಮ್ಯಾನೇಜರ್ ಕೆಲಸ ಅಳೆಯೋಕೆ ಇದೇ ಸರಿ, ಯಾಕಂದ್ರೆ ನಾವು ಯಾವಾಗ ದುಡ್ಡು ಹಾಕ್ತೀವಿ ಅನ್ನೋದು ಅವರ ಕೈಯಲ್ಲಿಲ್ಲ.

ಅಪ್ಪನ ಲೆಕ್ಕ: ಏರಿದ ವರ್ಷ ಫಂಡಲ್ಲಿ ಇದ್ದದ್ದು ಹತ್ತು ಸಾವಿರ, ಇಳಿದ ವರ್ಷ ಇದ್ದದ್ದು ಒಂದು ಲಕ್ಷ. ಮನಿ-ವೆಯ್ಟೆಡ್ ರಿಟರ್ನ್ ಕೇಳೋ ಪ್ರಶ್ನೆ ಇದು: ಎಲ್ಲಾ ದುಡ್ಡಿಗೂ ಒಂದೇ ಬಡ್ಡಿ ದರ ಇದ್ದಿದ್ದರೆ, ಕೊನೆಗೆ ಸರಿಯಾಗಿ 80,000 ಆಗೋಕೆ ಆ ದರ ಎಷ್ಟಿರಬೇಕು? ದುಡ್ಡು ವರ್ಷಕ್ಕೆ 'ಗ' ಪಟ್ಟು ಆಗುತ್ತೆ ಅಂದುಕೊಳ್ಳಿ:

10,000ಗ² + 85,000ಗ = 80,000

5,000ದಿಂದ ಭಾಗಿಸಿದರೆ 2ಗ² + 17ಗ − 16 = 0. ನಮ್ಮ ಮ್ಯಾಥ್ಸ್‌ನ ನ್ಯೂಟನ್-ರಾಫ್ಸನ್ ಇಲ್ಲಿ ಕೆಲಸಕ್ಕೆ ಬರುತ್ತೆ. ಗ = 1ರಿಂದ ಶುರು ಮಾಡಿ: ಮೊದಲ ಸ್ಟೆಪ್‌ಗೆ 0.857, ಎರಡನೆಯದಕ್ಕೆ 0.855. ಅಂದ್ರೆ ವರ್ಷಕ್ಕೆ −14.5%!

ಇದನ್ನ ಕ್ವಾಡ್ರಾಟಿಕ್ ಫಾರ್ಮುಲಾದಲ್ಲೂ ಮಾಡಬಹುದು. ಆದ್ರೆ ತಿಂಗಳಿಗೊಂದರಂತೆ 24 ಕಂತು ಎಸ್‌ಐಪಿ ಕಟ್ಟಿದ್ರೆ ಸಮೀಕರಣದ ಡಿಗ್ರಿ 24 ಆಗುತ್ತೆ. ಅದಕ್ಕೇ ಎಕ್ಸೆಲ್‌ನಲ್ಲಿ ಎಕ್ಸ್‌ಐಆರ್‌ಆರ್ ಫಂಕ್ಷನ್ ಇರೋದು. ದಿನಾಂಕಗಳನ್ನು ಒಂದು ಕಾಲಮ್‌ನಲ್ಲಿ, ಮೊತ್ತಗಳನ್ನು ಇನ್ನೊಂದರಲ್ಲಿ ಬರೆಯಿರಿ. ಹಾಕಿದ ದುಡ್ಡಿಗೆ ಮೈನಸ್, ತೆಗೆದದ್ದಕ್ಕೆ ಮತ್ತು ಇವತ್ತಿನ ಬೆಲೆಗೆ ಪ್ಲಸ್.

ಒಂದು ಎಚ್ಚರಿಕೆ: ಒಂದು ವರ್ಷ ತುಂಬದ ಹೂಡಿಕೆಯ ಎಕ್ಸ್‌ಐಆರ್‌ಆರ್ ನೋಡಿ ಕುಣಿಯಬೇಡಿ. ಒಂದೇ ತಿಂಗಳಲ್ಲಿ 3% ಬಂದ್ರೆ ಅದನ್ನ ವರ್ಷಕ್ಕೆ ಹಿಗ್ಗಿಸಿ ಸುಮಾರು 42.6% ಅಂತ ತೋರಿಸುತ್ತೆ.

ಲೆಕ್ಕ ಮುಗಿಸಿ ಅಪ್ಪನಿಗೆ ಹೇಳಿದೆ: "ಫಂಡ್ ಸುಳ್ಳು ಹೇಳಿಲ್ಲ ಅಪ್ಪ. ಏರಿದ್ದನ್ನ ನೋಡಿ ಜಾಸ್ತಿ ಹಾಕಿ ಅಂದೆ, ಅದು ನನ್ನ ತಪ್ಪು." ಅಪ್ಪ ಬೈಯಲಿಲ್ಲ. "ಮುಂದಿನ ಸಲ ಲೆಕ್ಕ ಮೊದಲು ಮಾಡು, ಸಲಹೆ ಆಮೇಲೆ ಕೊಡು" ಅಂದ್ರು, ಅಷ್ಟೇ.

ನೀವೂ ಈ ಸಲ ಮನೆಗೆ ಹೋದಾಗ ಒಮ್ಮೆ ಲೆಕ್ಕ ಹಾಕಿ ನೋಡಿ.