ಬೆಟ್ಟ ಹತ್ತುವ ಮುನ್ನ ತಿಳಿದಿರಲೇಬೇಕಾದ ಮಾತುಗಳು: ಮಾಡಬೇಕಾದ್ದು, ಮಾಡಬಾರದ್ದು

ಪಶ್ಚಿಮ ಘಟ್ಟಕ್ಕೆ ಚಾರಣ ಹೊರಡುವ ಎಲ್ಲರಿಗೂ ಈ ಸೂಚನೆ. ಗೈಡ್ ‘ರಿಜ್ ಬಿಟ್ಟು ಇಳಿಯಬೇಡಿ’ ಎಂದಾಗ ರಿಜ್ ಯಾವುದೆಂದೇ ತಿಳಿಯದೆ ತಲೆಯಾಡಿಸುವವರು ದಾರಿ ತಪ್ಪುತ್ತಾರೆ. ಅವರನ್ನು ಹುಡುಕಲು ಊರವರು, ಅರಣ್ಯ ಸಿಬ್ಬಂದಿ ರಾತ್ರಿ ಕಾಡು ಹೊಗಬೇಕಾಗುತ್ತದೆ. ಬೆಟ್ಟದಲ್ಲಿ ಬಳಸುವ ಮಾತುಗಳು ಜೀವ ಕಾಯುವ ಮಾತುಗಳು. ಅರ್ಥ ತಿಳಿಯಿರಿ, ಅದರಂತೆಯೇ ನಡೆಯಿರಿ.

ಮಾಡಬೇಕಾದ್ದು

1. ಏರಿಕೆ ನೋಡಿ ಬೆಟ್ಟ ಆರಿಸಿ. ಶಿಖರ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂಬುದು ಎತ್ತರ. ನಿಮ್ಮ ಕಾಲು ಎಷ್ಟು ಹತ್ತಬೇಕು ಎಂಬುದು ಏರಿಕೆ. ಗೈಡ್‌ಗಳು ‘ಗೇನ್’ ಎನ್ನುವುದು ಇದನ್ನೇ. 1,930 ಮೀಟರಿನ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ, ಆದರೆ ನೆತ್ತಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. 1,712 ಮೀಟರಿನ ಕುಮಾರ ಪರ್ವತಕ್ಕೆ ಕುಕ್ಕೆಯಿಂದ ಹೊರಟವರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಹತ್ತಲೇಬೇಕು. ಎತ್ತರದ ಅಂಕಿ ನೋಡಿ ‘ಇದು ಸುಲಭ’ ಎಂದು ತೀರ್ಮಾನಿಸಿದವರು ಅರ್ಧದಾರಿಯಲ್ಲೇ ಸೋಲುತ್ತಾರೆ.

2. ಮರಳುವ ಗಡುವು ಗೊತ್ತುಮಾಡಿ. ನೆತ್ತಿ ಮುಟ್ಟಲಿ, ಬಿಡಲಿ, ಹಿಂದಿರುಗಲೇಬೇಕಾದ ಗಂಟೆ ಇದು. ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವಿದೆ: 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಅದು ಪಳಗಿದ ಕಾಲಿನ ಲೆಕ್ಕ. ಹೊಸಬರು, ಬಿಸಿಲು, ಬೆನ್ನ ಮೇಲೆ ಹೊರೆ ಇದ್ದರೆ ಇನ್ನೂ ಅರ್ಧದಷ್ಟು ಸೇರಿಸಿ. ಕತ್ತಲಾಗುವ ಮುನ್ನ ಕೆಳಗಿರುವಂತೆ ಗಡುವು ಇಡಿ, ಮುರಿಯಬೇಡಿ.

3. ನೆಲದ ಹೆಸರುಗಳನ್ನು ಗುರುತಿಸಿ. ರಿಜ್ ಎಂದರೆ ಬೆಟ್ಟದ ಬೆನ್ನು. ಎರಡೂ ಕಡೆ ಇಳಿಜಾರು, ಗಾಳಿ ಜೋರು. ಸ್ಯಾಡಲ್ ಎಂದರೆ ಎರಡು ಶಿಖರಗಳ ನಡುವೆ ತಗ್ಗಿದ ಜಾಗ. ಶೋಲಾ ಎಂದರೆ ಹುಲ್ಲುಗುಡ್ಡಗಳ ಮಡಿಕೆಗಳಲ್ಲಿ ಒತ್ತಾಗಿ ಬೆಳೆದ ಕಾಡು. ಮಳೆನೀರನ್ನು ಹಿಡಿದಿಟ್ಟು ಹಳ್ಳಗಳಿಗೆ ಬಿಡುವುದು ಅದೇ. ಮಂಜು ಕವಿದು ದಾರಿ ಕಾಣದಿದ್ದರೆ ನಿಂತಲ್ಲೇ ನಿಲ್ಲಿ, ಮಂಜು ಸರಿದ ಮೇಲೆ ನಡೆಯಿರಿ.

4. ಮುಂದೊಬ್ಬ, ಹಿಂದೊಬ್ಬ ಇರಲಿ. ಮುಂದಿರುವವರು ಲೀಡ್: ಅವರನ್ನು ಯಾರೂ ದಾಟಬಾರದು. ಕೊನೆಯವರು ಸ್ವೀಪ್: ಅವರ ಹಿಂದೆ ಯಾರೂ ಉಳಿಯಬಾರದು. ದಾರಿ ಕವಲೊಡೆದಲ್ಲಿ ಸ್ವೀಪ್ ಬರುವವರೆಗೆ ಇಡೀ ತಂಡ ಕಾಯಬೇಕು.

5. ಪದರ ಪದರವಾಗಿ ಉಡುಪು ತೊಡಿ. ಲೇಯರಿಂಗ್ ಎಂದರೆ ಇದೇ: ಬೆವರು ಬೇಗ ಆರುವ ಒಳಬಟ್ಟೆ, ಬೆಚ್ಚನೆಯ ನಡುವಿನ ಬಟ್ಟೆ, ಮಳೆ ಗಾಳಿ ತಡೆಯುವ ಹೊರಬಟ್ಟೆ. ನೆನೆದ ಹತ್ತಿಬಟ್ಟೆ ಮೈಕಾವನ್ನು ಹೀರುತ್ತದೆ. ಆ ಕಾವು 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ಹೈಪೊಥರ್ಮಿಯ. ಇದಕ್ಕೆ ಹಿಮಾಲಯವೇ ಬೇಕಿಲ್ಲ, ಮಲೆನಾಡಿನ ಮಳೆಗಾಳಿ ಸಾಕು. ನಡುಕ, ತೊದಲು ಮಾತು, ಮಂಕು ಕಂಡರೆ ಕೂಡಲೇ ಗಾಳಿಯ ಮರೆಗೆ ಕರೆದೊಯ್ದು ಒಣಬಟ್ಟೆ ಹಾಕಿಸಿ.

6. ಸೀಟಿ ಒಯ್ಯಿರಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಅಪಾಯದ ಸಂಕೇತ. ಮೂರು ಸಲ ಊದಿದರೆ ಉತ್ತರ.

ಮಾಡಬಾರದ್ದು

1. ಅನುಮತಿಯಿಲ್ಲದೆ ಕಾಡು ಹೊಗಬೇಡಿ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಅಲ್ಲಿ ಚಾರಣವನ್ನೇ ತಡೆಯಬೇಕಾಯಿತು. ಈಗ ಆನ್‌ಲೈನಿನಲ್ಲಿ ಮುಂಗಡ ಬುಕಿಂಗ್ ಮಾಡಬೇಕು. ಒಬ್ಬರ ಹೆಸರಿನ ಟಿಕೆಟ್‌ನಲ್ಲಿ ಇನ್ನೊಬ್ಬರು ಹೋಗಬೇಡಿ.

2. ಸ್ವಿಚ್‌ಬ್ಯಾಕ್ ಕತ್ತರಿಸಬೇಡಿ. ಕಡಿದಾದ ಇಳಿಜಾರಿನಲ್ಲಿ ಎಡಕ್ಕೂ ಬಲಕ್ಕೂ ತಿರುಗುತ್ತ ಏರುವ ಅಂಕುಡೊಂಕು ದಾರಿ ಇದು. ನೇರ ಇಳಿದರೆ ನೀವು ತುಳಿದ ಗೀರಿನಲ್ಲೇ ಮಳೆನೀರು ಹರಿದು ಮಣ್ಣು ಕೊಚ್ಚುತ್ತದೆ, ಉರುಳಿದ ಕಲ್ಲು ಕೆಳಗಿನವರ ತಲೆಗೆ ಬೀಳುತ್ತದೆ.

3. ಬೆಂಕಿ ರೇಖೆಯನ್ನು ದಾರಿಯೆಂದು ಹಿಡಿಯಬೇಡಿ. ಕಾಳ್ಗಿಚ್ಚು ಹಬ್ಬದಂತೆ ಹುಲ್ಲು, ಪೊದೆ ಸವರಿದ ಪಟ್ಟಿ ಅದು. ನೋಡಲು ಅಗಲವಾದ ದಾರಿಯಂತಿರುತ್ತದೆ, ಆದರೆ ನಿಮ್ಮನ್ನು ಊರಿಗೆ ಮುಟ್ಟಿಸುವುದಿಲ್ಲ. ದನ, ಆನೆ ತುಳಿದ ಜಾಡುಗಳೂ ಹಾಗೆಯೇ.

4. ಬೆಂಕಿ ಹಾಕಬೇಡಿ, ಬೀಡಿ ಸಿಗರೇಟು ಹಚ್ಚಬೇಡಿ. ಬೇಸಿಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು.

5. ಇಂಬಳವನ್ನು ಸುಡಬೇಡಿ. ಜಿಗಣೆಯೇ ಇಂಬಳ. ಉಗುರನ್ನು ಅದರ ಬಾಯಿಯ ಅಡಿಗೆ ಸರಿಸಿ ಬಿಡಿಸಿ, ಗಾಯ ತೊಳೆದು ಒತ್ತಿ ಹಿಡಿಯಿರಿ. ಸ್ವಲ್ಪ ಹೊತ್ತು ರಕ್ತ ಸೋರಿದರೆ ಗಾಬರಿ ಬೇಡ.

6. ಉಣುಗನ್ನು ಕಡೆಗಣಿಸಬೇಡಿ. ಇಂಬಳದಂತಲ್ಲ, ಇದು ರೋಗ ಹರಡುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನಕಾಯಿಲೆ ಬರುವುದು ಮುಖ್ಯವಾಗಿ ಉಣುಗಿನಿಂದ. ಮೈಮುಚ್ಚುವ ಬಟ್ಟೆ ತೊಡಿ, ಸತ್ತ ಮಂಗದ ಹತ್ತಿರ ಸುಳಿಯಬೇಡಿ. ಬಂದ ಮೇಲೆ ಜ್ವರ ಕಂಡರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು.

7. ಕೆಂಪೇರಿದ ಹಳ್ಳ ದಾಟಬೇಡಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಸುರಿದರೆ ನೀರು ಏಕಾಏಕಿ ಏರುತ್ತದೆ. ಫ್ಲ್ಯಾಷ್ ಫ್ಲಡ್ ಎಂದರೆ ಅದೇ. ನೀರು ಕದಡಿ, ಕಸಕಡ್ಡಿ ತೇಲಿಬಂದರೆ ದಡ ಬಿಟ್ಟು ಮೇಲೇರಿ.

ಹೊರಡುವ ಹಿಂದಿನ ದಿನ ಈ ಸೂಚನೆಯನ್ನು ತಂಡದವರೆಲ್ಲರಿಗೂ ಓದಿ ಹೇಳಿ. ಅರ್ಥವಾಗದ ಮಾತಿದ್ದರೆ ಗೈಡ್‌ರನ್ನು ಕೇಳಿ, ನಾಚಿಕೆ ಬೇಡ. ತುರ್ತಿಗೆ 112 ಇದೆ, ಆದರೆ ಬೆಟ್ಟದ ಮೇಲೆ ಸಿಗ್ನಲ್ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಯಾವ ದಾರಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಬರೆದು ಮನೆಯವರ ಕೈಗೆ ಕೊಟ್ಟೇ ಹೊರಡಿ.