ಸಸ್ಯರೋಗದ ಶಿಲೀಂಧ್ರಗಳೂ ಅವು ಸ್ರವಿಸುವ ಪ್ರೋಟೀನುಗಳೂ

ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟನ್ನು ನೋಡದ ಗೃಹಿಣಿಯಿಲ್ಲ. ಶಿಲೀಂಧ್ರವೆಂಬ ಈ ಜೀವವರ್ಗಕ್ಕೆ ಬಾಯಿಯೂ ಇಲ್ಲ, ಜಠರವೂ ಇಲ್ಲ. ಅದು ತನ್ನ ನೂಲಿನಂಥ ಎಳೆಗಳಿಂದ ಪ್ರೋಟೀನುಗಳನ್ನು ಹೊರಕ್ಕೆ ಸ್ರವಿಸಿ, ಆಹಾರವನ್ನು ಹೊರಗೇ ಕರಗಿಸಿ, ಆ ಬಳಿಕ ಹೀರಿಕೊಳ್ಳುತ್ತದೆ. ಜೀವಂತವಾದ ಗಿಡದೊಳಗೆ ನುಗ್ಗುವ ಶಿಲೀಂಧ್ರಕ್ಕಾದರೋ ಇಷ್ಟೇ ಸಾಲದು. ಗಿಡವು ಆತ್ಮರಕ್ಷಣೆಗಾಗಿ ಹೂಡುವ ಉಪಾಯಗಳನ್ನು ಕೆಡಿಸುವ ಪ್ರೋಟೀನುಗಳನ್ನೂ ಅದು ಸ್ರವಿಸಬೇಕಾಗುತ್ತದೆ. ಇವುಗಳ ವ್ಯಾಸಂಗವು ಬೇಸಾಯಗಾರನ ಬಾಳಿಗೆ ಎಷ್ಟು ಸಮೀಪವಾದುದೆಂಬುದನ್ನು ಇಲ್ಲಿ ವಿವರಿಸುವೆವು.

ರೋಗವನ್ನು ತಡೆಯುವ ತಳಿಯೊಂದು ದೊರೆಯುವುದು ರೈತನಿಗೆ ದೊಡ್ಡ ಭಾಗ್ಯ. ಆದರೆ ಆ ಭಾಗ್ಯವು ಅನೇಕ ಸಲ ಬಹುಕಾಲ ನಿಲ್ಲುವುದಿಲ್ಲ. ಹಿಂದಿನ ಮೈಸೂರು ಸಂಸ್ಥಾನದ ಕಾಫಿ ತೋಟಗಳಲ್ಲಿ 20ನೆಯ ಶತಮಾನದ ಆದಿಭಾಗದಲ್ಲಿ ಆರಿಸಿ ತೆಗೆದ ಕೆಂಟ್ಸ್ ಎಂಬ ತಳಿಯು ಎಲೆತುಕ್ಕನ್ನು ತಡೆಯುವುದೆಂದು ಹೆಸರಾಗಿತ್ತು. ಕಾಲಕ್ರಮದಲ್ಲಿ ಅದಕ್ಕೂ ತುಕ್ಕು ಹತ್ತಿತು. ತುಕ್ಕಿನ ಶಿಲೀಂಧ್ರದಲ್ಲಿಯೇ ಬೇರೆ ಬೇರೆ ಪಂಗಡಗಳುಂಟೆಂದೂ, ಒಂದನ್ನು ತಡೆದ ಗಿಡವು ಇನ್ನೊಂದಕ್ಕೆ ಸೋಲಬಹುದೆಂದೂ ಬಾಳೆಹೊನ್ನೂರಿನಲ್ಲಿ ಕೆಲಸಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿಯು 1932ರಲ್ಲಿ ತಿಳಿಸಿದನು. ಅನಂತರ 1940ರ ದಶಕದಲ್ಲಿ ಅಮೇರಿಕದ ಎಚ್. ಎಚ್. ಫ್ಲೋರ್ ಎಂಬವನು ಅಗಸೆಗಿಡದ ತುಕ್ಕನ್ನು ಪರೀಕ್ಷಿಸಿ, ರೋಗವನ್ನು ತಡೆಯುವ ಗಿಡದ ಒಂದೊಂದು ವಂಶವಾಹಿಗೂ ಶಿಲೀಂಧ್ರದಲ್ಲಿ ಸರಿಜೋಡಿಯಾದ ಒಂದೊಂದು ವಂಶವಾಹಿ ಇದೆಯೆಂದು ತೋರಿಸಿದನು. ಹಾಗಾದರೆ ಗಿಡವು ಗುರುತಿಸುವ ವಸ್ತು ಯಾವುದು?

ಇದಕ್ಕೆ ಉತ್ತರವು ಹಾಲೆಂಡಿನ ವಾಖೆನಿಂಗೆನ್ ನಗರದಲ್ಲಿ, ಟೊಮೇಟೊ ಗಿಡದ ಎಲೆಬೂಷ್ಟಿನಿಂದ ದೊರೆಯಿತು. ಕ್ಲಾಡೋಸ್ಪೋರಿಯಂ ಫಲ್ವಂ ಎಂಬ ಈ ಶಿಲೀಂಧ್ರವು ಎಲೆಯ ಜೀವಕೋಶಗಳೊಳಗೆ ಹೋಗದೆ, ಅವುಗಳ ನಡುವಣ ಸಂದುಗಳಲ್ಲಿಯೇ ವಾಸಿಸುತ್ತದೆ. ಆದುದರಿಂದ ಅದರ ಸ್ರಾವವೂ ಆ ಸಂದುಗಳಲ್ಲಿಯೇ ನಿಂತಿರುತ್ತದೆ. ಪಿಯೆರ್ ದ ವಿಟ್ ಮತ್ತು ಅವರ ಸಂಗಡಿಗರು ರೋಗ ತಗಲಿದ ಎಲೆಗಳ ಸಂದುಗಳಿಗೆ ನೀರನ್ನು ತುಂಬಿಸಿ, ಬಳಿಕ ಎಲೆಗಳನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಆ ದ್ರವವನ್ನು ಹೊರತೆಗೆದರು. ರೋಗನಿರೋಧದ ತಕ್ಕ ವಂಶವಾಹಿಯುಳ್ಳ ಟೊಮೇಟೊ ಎಲೆಗೆ ಅದನ್ನು ಚುಚ್ಚಿದಾಗ ಆ ಭಾಗವು ಬಾಡಿ ಸತ್ತಿತು. ಅದಿಲ್ಲದ ಗಿಡದಲ್ಲಿ ಏನೂ ಆಗಲಿಲ್ಲ. ತನ್ನ ಕೆಲವು ಕೋಶಗಳನ್ನು ತಾನೇ ಬಲಿಗೊಟ್ಟು ಶತ್ರುವಿನ ದಾರಿಯನ್ನು ಕಟ್ಟುವುದು ಗಿಡದ ರಕ್ಷಣಾಕ್ರಮವಾಗಿದೆ. ಅದನ್ನು ಎಚ್ಚರಿಸಿದ ವಸ್ತುವನ್ನು ಶೋಧಿಸಲಾಗಿ, 28 ಅಮೈನೋ ಆಮ್ಲಗಳ ಒಂದು ಚಿಕ್ಕ ಪ್ರೋಟೀನು ಸಿಕ್ಕಿತು. ಇದಕ್ಕೆ ಎವಿಆರ್ 9 ಎಂದು ಹೆಸರು. ಅದರ ವಂಶವಾಹಿಯು 1991ರಲ್ಲಿ ಬೆಳಕಿಗೆ ಬಂದಿತು. ಅದನ್ನು ಗುರುತಿಸಲು ಬೇಕಾದ ಟೊಮೇಟೊ ವಂಶವಾಹಿಯನ್ನು ಇಂಗ್ಲೆಂಡಿನ ನಾರಿಚ್ ನಗರದ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದರು.

ತಳಿಗಳು ಸೋಲುವ ಗುಟ್ಟು ಇಲ್ಲಿಯೇ ಇದೆ. ಆ ಟೊಮೇಟೊ ತಳಿಯನ್ನು ಗೆದ್ದ ಶಿಲೀಂಧ್ರದ ಪಂಗಡಗಳಲ್ಲಿ ಎವಿಆರ್ 9 ಪ್ರೋಟೀನಿನ ವಂಶವಾಹಿಯೇ ಕಾಣಲಿಲ್ಲ. ವೇಷವನ್ನು ಕಳಚಿದ ಕಳ್ಳನನ್ನು ಕಾವಲುಗಾರನು ಗುರುತಿಸಲಾರದಂತೆ, ಗಿಡವು ಅವನ್ನು ಗುರುತಿಸಲಾರದೆ ಹೋಯಿತು. ಆ ಪ್ರೋಟೀನಿಲ್ಲದೆಯೂ ಶಿಲೀಂಧ್ರವು ರೋಗವನ್ನು ಹರಡಬಲ್ಲುದಾದ್ದರಿಂದ ಅದಕ್ಕೆ ಹೆಚ್ಚು ನಷ್ಟವಾಗಲಿಲ್ಲ.

ಎಲ್ಲಾ ಪ್ರೋಟೀನುಗಳನ್ನೂ ಹೀಗೆ ಸುಲಭವಾಗಿ ಬಿಡಲಾಗದು. ಶಿಲೀಂಧ್ರದ ಹೊರಗೋಡೆಯಲ್ಲಿ ಕೈಟಿನ್ ಎಂಬ ವಸ್ತುವುಂಟು. ಗಿಡವು ಅದನ್ನು ಕತ್ತರಿಸುವ ರಸವನ್ನು ಸುರಿಸುತ್ತದೆ. ಬಿದ್ದ ಚೂರುಗಳನ್ನು ಅರಿತು ಮತ್ತಷ್ಟು ಎಚ್ಚರಗೊಳ್ಳುತ್ತದೆ. ಇದೇ ಶಿಲೀಂಧ್ರದ ಎವಿಆರ್ 4 ಎಂಬ ಪ್ರೋಟೀನು ಕೈಟಿನ್ನಿಗೆ ಕವಚದಂತೆ ಅಂಟಿಕೊಂಡು ಗೋಡೆಯನ್ನು ಕಾಯುತ್ತದೆ. ಇಸಿಪಿ 6 ಎಂಬ ಇನ್ನೊಂದು, ಉದುರಿದ ಚೂರುಗಳನ್ನು ಗಿಡಕ್ಕೆ ಸುಳಿವು ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆಂದು 2010ರಲ್ಲಿ ತಿಳಿದುಬಂದಿತು. ಇಸಿಪಿ 6ರ ಪ್ರಮಾಣವನ್ನು ತಗ್ಗಿಸಿದರೆ ಶಿಲೀಂಧ್ರದ ರೋಗಶಕ್ತಿಯೂ ತಗ್ಗುತ್ತದೆ.

ಇದರಿಂದ ಕಲಿಯತಕ್ಕ ಪಾಠವೇನೆಂದರೆ: ಶತ್ರುವು ನಿರಾತಂಕವಾಗಿ ಕಳಚಿಬಿಡಬಹುದಾದ ಒಂದೇ ಗುರುತನ್ನು ನಂಬಿದ ತಳಿಯು ಬೇಗನೆ ಮೋಸಹೋಗುವುದು. ಶಿಲೀಂಧ್ರಕ್ಕೆ ಅತ್ಯವಶ್ಯವಾದ ಪ್ರೋಟೀನನ್ನು ಗುರುತಿಸುವ, ಇಲ್ಲವೆ ಹಲವು ಗುರುತುಗಳನ್ನು ಒಟ್ಟಿಗೆ ಬಲ್ಲ ತಳಿಯು ಹೆಚ್ಚು ಕಾಲ ನಿಲ್ಲುವ ಸಂಭವವುಂಟು. ಹೊಸ ತಳಿಯನ್ನು ಹೊಲಕ್ಕೆ ಕಳುಹಿಸುವ ಮೊದಲೇ ಇದನ್ನು ವಿಚಾರಮಾಡುವುದಕ್ಕೆ ಈ ವ್ಯಾಸಂಗವು ದಾರಿ ತೋರಿಸಿದೆ. ಎಲೆಯ ಸಂದಿನಿಂದ ಹಿಂಡಿದ ಕೆಲವು ತೊಟ್ಟು ನೀರನ್ನು ತಾಳ್ಮೆಯಿಂದ ಪರೀಕ್ಷಿಸಿದವರಿಂದ, ಬೆವರು ಸುರಿಸಿ ಬೆಳೆದ ರೈತನ ಫಸಲಿಗೆ ರಕ್ಷಣೆಯ ಮಾರ್ಗವು ತೆರೆಯುತ್ತಲಿದೆ. ವಿಜ್ಞಾನವನ್ನು ಕಲಿಯುತ್ತಿರುವ ನಮ್ಮ ಹೆಣ್ಣುಮಕ್ಕಳು ಇಂಥ ಸೂಕ್ಷ್ಮ ಕಾರ್ಯಗಳಲ್ಲಿ ಮನಸ್ಸಿಡುವುದು ಯೋಗ್ಯವಾಗಿದೆ.